ನಾಲ್ವಡಿಯವರ ಲೆಡ್ಜರ್ ಯಾರ ಹತ್ತಿರ ಇದೆ?

ನಮ್ಮ ಮೈಸೂರಿನಲ್ಲಿ ಆಳುವವರಿಗೆ ವಿರೋಧ ಪಕ್ಷದ ಚಿಂತೆ ಇಲ್ಲ. ಅವರ ಪೈಪೋಟಿ ಏನಿದ್ದರೂ 1940ರಲ್ಲಿ ತೀರಿಕೊಂಡವರ ಜೊತೆ.

2025ರ ಜುಲೈನಲ್ಲಿ ಯತೀಂದ್ರ ಅವರು, ತಮ್ಮ ತಂದೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಮೈಸೂರಿಗೆ ನಾಲ್ವಡಿ ಕೃಷ್ಣರಾಜ ಒಡೆಯರಷ್ಟೇ, ನೋಡಿದರೆ ಅವರಿಗಿಂತ ಜಾಸ್ತಿಯೇ ಮಾಡಿದ್ದಾರೆ ಎಂಬ ಅರ್ಥದ ಮಾತಾಡಿದರು. ಮರುತಿಂಗಳೇ ಸಚಿವ ಮಹದೇವಪ್ಪನವರು, ಕನ್ನಂಬಾಡಿ ಕಟ್ಟೆಗೆ, ಅಂದರೆ ಕೆಆರ್‌ಎಸ್ ಅಣೆಕಟ್ಟೆಗೆ, ಅಡಿಗಲ್ಲು ಹಾಕಿದ್ದು ಟಿಪ್ಪು ಅಂದರು. ಆಮೇಲಿನ ರಂಪ ನಿಮಗೆ ಗೊತ್ತೇ ಇದೆ.

ಸರಿ, ಲೆಕ್ಕ ಹಾಕಿಯೇ ಬಿಡೋಣ. ಒಂದು ಕಡೆ 1911ರಲ್ಲಿ ಕೆಲಸ ಶುರುವಾದ ಕಟ್ಟೆ, 1916ರ ವಿಶ್ವವಿದ್ಯಾಲಯ, 1933ರ ಮಂಡ್ಯ ಸಕ್ಕರೆ ಕಾರ್ಖಾನೆ. ಇನ್ನೊಂದು ಕಡೆ ಬಜೆಟ್ಟಿನ ಅನುದಾನ. ಆಗಿನ ರೂಪಾಯಿಯನ್ನು ಈಗಿನದಕ್ಕೆ ತಿರುಗಿಸಿ, ಜಿಎಸ್‌ಟಿ ಸೇರಿಸಿ, ಗುತ್ತಿಗೆದಾರರ ಬಾಕಿ ಕಳೆದರೆ ಯಾರು ಮುಂದೆ ಅಂತ ಗೊತ್ತಾಗುತ್ತೆ. ಒಂದೇ ತೊಡಕು. ಕಟ್ಟೆಗಾಗಿ ಮಹಾರಾಣಿಯವರು ಒಡವೆ ಮಾರಿಸಿದರು ಅಂತ ಮಂಡ್ಯದ ಕಡೆ ಮನೆಮನೆಯಲ್ಲೂ ಹೇಳುತ್ತಾರೆ. ಅದನ್ನು ಯಾವ ಕಾಲಂನಲ್ಲಿ ಬರೆಯೋದು? ನಮ್ಮ ಜನಪ್ರತಿನಿಧಿಗಳ ಅಫಿಡವಿಟ್ಟಿನಲ್ಲೂ ಒಡವೆಗೆ ಕಾಲಂ ಇದೆ. ಆದರೆ ಅಲ್ಲಿ ಐದು ವರ್ಷಕ್ಕೊಮ್ಮೆ ತೂಕ ಏರುತ್ತದೆಯೇ ಹೊರತು ಇಳಿದದ್ದನ್ನು ನಾನಂತೂ ನೋಡಿಲ್ಲ.

ಇದಕ್ಕೂ ಮುಂಚೆ, 2024ರ ಕೊನೆಯಲ್ಲಿ, ರಸ್ತೆಯ ಹೆಸರಿನ ಜಗಳ ನಡೆದಿತ್ತಲ್ಲ. ಕೆಆರ್‌ಎಸ್ ರಸ್ತೆಗೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಅಂತ ಹೆಸರಿಡಲು ಪಾಲಿಕೆ ಹೊರಟಿತು. ಅದು ಪ್ರಿನ್ಸೆಸ್ ರಸ್ತೆ, ಮುಟ್ಟಬೇಡಿ ಅಂತ ಇನ್ನೊಂದು ಗುಂಪು ಎದ್ದು ನಿಂತಿತು. ಆ ಪ್ರಿನ್ಸೆಸ್ ಅಂದರೆ ನಾಲ್ವಡಿಯವರ ಸಹೋದರಿ ಕೃಷ್ಣಾಜಮ್ಮಣ್ಣಿ. ಕ್ಷಯದಿಂದ ತೀರಿಕೊಂಡವರು. ಅವರ ನೆನಪಿಗೇ ಆ ರಸ್ತೆಯಲ್ಲಿ ಕ್ಷಯ ಆಸ್ಪತ್ರೆ ಇರುವುದು. ನನಗೆ ಮಜಾ ಅನಿಸಿದ್ದು ಬೇರೆ. ಹೆಸರಿಡಲು ಹೊರಟ ಪಾಲಿಕೆಯಲ್ಲಿ ಆಗ ಒಬ್ಬನೇ ಒಬ್ಬ ಚುನಾಯಿತ ಸದಸ್ಯ ಇರಲಿಲ್ಲ! ಅವರ ಅವಧಿ 2023ರ ನವೆಂಬರಿಗೇ ಮುಗಿದಿತ್ತು. ನಮ್ಮ ಪರವಾಗಿ ಅಧಿಕಾರಿಗಳೇ ಯೋಚನೆ ಮಾಡಿ, ನಮ್ಮ ಪರವಾಗಿ ಅವರೇ ಒಪ್ಪಿಕೊಂಡಿದ್ದರು.

ಇದು ಕಾಂಗ್ರೆಸ್ಸಿನವರ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. 2022ರ ಅಕ್ಟೋಬರಿನಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಹೋಗಿ ಒಡೆಯರ್ ಎಕ್ಸ್‌ಪ್ರೆಸ್ ಬಂತು. ಬೋಗಿ ಅದೇ, ಶೌಚಾಲಯದ ವಾಸನೆಯೂ ಅದೇ. ಮರುತಿಂಗಳು ಊಟಿ ರಸ್ತೆಯ ಬಸ್ ನಿಲ್ದಾಣದ ಪ್ರಕರಣ. ಆಹಾ, ಅದನ್ನು ಹೇಗೆ ಮರೆಯೋದು! ನಿಲ್ದಾಣದ ಮೇಲೆ ಮೂರು ಗೋಪುರ ಇತ್ತು. ನಡುವೆ ದೊಡ್ಡದು, ಪಕ್ಕದಲ್ಲಿ ಎರಡು ಚಿಕ್ಕವು. ಇದು ಗುಂಬಜ್, ಜೆಸಿಬಿ ತಂದು ಒಡೆಯುತ್ತೇನೆ ಅಂದರು ಆಗಿನ ಸಂಸದ ಪ್ರತಾಪ ಸಿಂಹ. ಇದು ಅರಮನೆ ಶೈಲಿ ಅಂದರು ಆಗಿನ ಶಾಸಕ ರಾಮದಾಸ್. ಇಬ್ಬರದ್ದೂ ಒಂದೇ ಪಕ್ಷ. ಕೊನೆಗೆ ಪಕ್ಕದ ಎರಡನ್ನು ತೆಗೆದು, ಉಳಿದ ಒಂದಕ್ಕೆ ಬೇರೆ ಬಣ್ಣ ಬಳಿದರು. ಮೂರಿದ್ದರೆ ಮಸೀದಿ, ಒಂದಿದ್ದರೆ ಅರಮನೆ. ಇಂಥ ಗಣಿತ ಯಾವ ವಿಶ್ವವಿದ್ಯಾಲಯದಲ್ಲೂ ಹೇಳಿಕೊಡುವುದಿಲ್ಲ. ಅರಮನೆಯ ನಕ್ಷೆ ಬರೆದ ಹೆನ್ರಿ ಇರ್ವಿನ್ ಈಗ ಇದ್ದಿದ್ದರೆ ಅವರಿಗೂ ಒಂದು ನೋಟಿಸ್ ಗ್ಯಾರಂಟಿ. ಅಷ್ಟು ದಿನ ಎಲ್ಲರೂ ತಲೆ ಎತ್ತಿ ಗೋಪುರ ಎಣಿಸಿದರು. ಕೆಳಗೆ ನಿಂತವರಿಗೆ ಬಸ್ ಯಾವಾಗ ಅಂತ ಕೇಳಿದವರು ಯಾರೂ ಇಲ್ಲ.

ಇವರಿಗೆಲ್ಲ ಬೇಕಾಗಿರುವುದು ಒಂದೇ. ನಾಲ್ವಡಿಯವರ ಫೋಟೋ ಮನೆಯ ಗೋಡೆಯ ಮೇಲಿದೆ, ನಮ್ಮದು ಯಾಕಿಲ್ಲ? ಒಡೆಯರ ಮನೆತನದ ಹೆಸರು ಅಂಟಿಸಿಕೊಂಡರೆ ಅಥವಾ ಅಳಿಸಿದರೆ ಆಗುತ್ತೆ ಅನ್ನೋದು ಇವರ ಭ್ರಮೆ. ಆ ಮನೆತನದವರಿಗೇ ಅದು ಪುಕ್ಕಟೆ ಸಿಕ್ಕಿಲ್ಲ ಸ್ವಾಮಿ. ಶ್ರೀಕಂಠದತ್ತ ಒಡೆಯರನ್ನು ಮೈಸೂರಿನವರು ನಾಲ್ಕು ಸಲ ಲೋಕಸಭೆಗೆ ಕಳಿಸಿದರು. 1991ರಲ್ಲಿ ಸೋಲಿಸಿದರು, 2004ರಲ್ಲಿ ಮತ್ತೆ ಸೋಲಿಸಿದರು. ಹಜಾರದಲ್ಲಿ ತಾತನ ಕಾಲದ ಫೋಟೋಗೆ ಹೂ ಹಾಕಿ, ಬೂತಿಗೆ ಹೋಗಿ ಬೇರೆಯವರಿಗೆ ಓಟು ಹಾಕಿ ಬಂದರು. ಈಗ ದಸರಾದಲ್ಲಿ ಸಿಂಹಾಸನ ಏರುವ ಯದುವೀರ್ ಅವರೂ 2024ರಲ್ಲಿ ಬೀದಿಬೀದಿ ಸುತ್ತಿ ಕೈಮುಗಿದೇ ಸಂಸದರಾದದ್ದು.

ಹಾಗಂತ ರಾಜರ ಕಾಲ ಸ್ವರ್ಗವೇನೂ ಆಗಿರಲಿಲ್ಲ. ಕಂದಾಯದ ಕಾಟ ತಾಳದೆ ಈಗಿನ ಶಿವಮೊಗ್ಗ ಕಡೆಯ ನಗರ ಪ್ರಾಂತ್ಯದ ರೈತರು ದಂಗೆ ಎದ್ದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಕಂಪನಿ ಸರ್ಕಾರ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡಿತು. ವಾಪಸ್ ಸಿಗಲು 50 ವರ್ಷ ಹಿಡಿಯಿತು. ‘ರಾಜರ್ಷಿ’ ನಾಲ್ವಡಿಯವರ ಕಾಲದಲ್ಲೇ, 1938ರಲ್ಲಿ, ಮದ್ದೂರಿನ ಶಿವಪುರದಲ್ಲಿ ಜನ ನಿಷೇಧಾಜ್ಞೆ ಮೀರಿ ಬಾವುಟ ಹಾರಿಸಿದರು. 1947ರಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಅರಮನೆ ಅಧಿಕಾರ ಬಿಡದಿದ್ದಾಗ ‘ಮೈಸೂರು ಚಲೋ’ ಮಾಡಿದರು. ಕಟ್ಟೆ ಕಟ್ಟಿಸಿದ್ದೀವಿ, ಸುಮ್ನಿರಿ ಅಂದರೆ ಸುಮ್ಮನಿರುವ ಜನ ಆಗಲೂ ಇರಲಿಲ್ಲ.

ಅರಮನೆಗೆ ಒಂದು ವಿಷಯ ಮಾತ್ರ ಗೊತ್ತಿತ್ತು. ಆಡಳಿತ ವಾಪಸ್ ಸಿಕ್ಕ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಶುರುವಾಯಿತು. ಅದಕ್ಕೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಬರುತ್ತಿದ್ದವರೂ ಹೆಚ್ಚಾಗಿ ಜಮೀನಿದ್ದವರು, ವ್ಯಾಪಾರಸ್ಥರು. ಆದರೂ ದಸರಾ ಸಮಯದಲ್ಲಿ ದಿವಾನರು ಅವರ ಮುಂದೆ ನಿಂತು ವರ್ಷದ ಲೆಕ್ಕ ಒಪ್ಪಿಸುತ್ತಿದ್ದರು, ದೂರು ಕೇಳಿಸಿಕೊಳ್ಳುತ್ತಿದ್ದರು. ಈಗ ದಸರಾ ನೋಡಲು ಗೋಲ್ಡ್ ಕಾರ್ಡ್ ಅನ್ನೋ ಪಾಸ್ ಮಾರುತ್ತೇವೆ. ದೂರು ಹೇಳಲು ಯಾವ ಕಾರ್ಡೂ ಇಲ್ಲ.

ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ ಇಲ್ಲಿ ಕೊನೆಯ ಸಲ ಚುನಾವಣೆ ಆದದ್ದು 2016ರಲ್ಲಿ. ಅವಧಿ 2021ಕ್ಕೇ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಬಿಜೆಪಿಯವರೂ ಮುಂದೂಡಿದರು, ಕಾಂಗ್ರೆಸ್ಸಿನವರೂ ಮುಂದೂಡಿದರು. ಈ ವಿಷಯದಲ್ಲಿ ಇಬ್ಬರಿಗೂ ಎಂಥಾ ಒಗ್ಗಟ್ಟು!

ನಗು ಸಾಕಾಗಿದೆ. 2018ರ ನವೆಂಬರಿನಲ್ಲಿ ಪಾಂಡವಪುರದ ಕನಗನಮರಡಿ ಹತ್ತಿರ ವಿಸಿ ನಾಲೆಗೆ ಬಸ್ ಬಿದ್ದು 30 ಜನ ಸತ್ತರು. ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆಮೇಲೂ ಅದೇ ನಾಲೆಗೆ ಕಾರುಗಳು ಬಿದ್ದವು. ಪ್ರತಿ ಸಲವೂ ಪರಿಹಾರ ಘೋಷಣೆ, ಪ್ರತಿ ಸಲವೂ ತಡೆಗೋಡೆಯ ಭರವಸೆ. ಆ ನಾಲೆಯನ್ನು ಮೊದಲು ವೈಸರಾಯ್ ಇರ್ವಿನ್ ಹೆಸರಿಂದ ಕರೆಯುತ್ತಿದ್ದರು, ಆಮೇಲೆ ವಿಶ್ವೇಶ್ವರಯ್ಯನವರ ಹೆಸರಿಟ್ಟರು. ಹೆಸರು ಬದಲಾಯಿಸೋಕೆ ಟೆಂಡರ್ ಬೇಕಾಗಲ್ಲ, ಅಲ್ವಾ? ಏರಿಯ ಪಕ್ಕದ ಊರಿನವರು ಗೋಡೆ ಯಾವಾಗ ಅಂತ ಕೇಳಬೇಕೆಂದರೆ ಅವರಿಗೆ ತಾಲ್ಲೂಕು ಪಂಚಾಯಿತಿ ಸದಸ್ಯನೂ ಇಲ್ಲ, ಜಿಲ್ಲಾ ಪಂಚಾಯಿತಿ ಸದಸ್ಯನೂ ಇಲ್ಲ. ಅರ್ಜಿ ಹಿಡಿದು ಕಚೇರಿಗೆ ಹೋದರೆ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ.

ಮೊದಲು ಗೋಡೆ ಕಟ್ಟಿಸಿ. ಉದ್ದಕ್ಕೂ ನಿಮ್ಮದೇ ಹೆಸರು ಬರೆಸಿಕೊಳ್ಳಿ, ಯಾರೂ ತಕರಾರು ಮಾಡಲ್ಲ.