ಕಷ್ಟದ ಲೆವೆಲ್ ಅಂದ್ರೆ ಎದುರಾಳಿಗೆ ಪುಕ್ಕಟೆ ಸೈನ್ಯ ಕೊಡೋದಾ?

ಸಿವಿಲೈಸೇಶನ್ 6 ಅನ್ನೋ ಸಾಮ್ರಾಜ್ಯ ಕಟ್ಟೋ ಕಂಪ್ಯೂಟರ್ ಗೇಮ್‌ನಲ್ಲಿ ಎಲ್ಲಕ್ಕಿಂತ ಕಷ್ಟದ ಡೀಟಿ ಲೆವೆಲ್ ಆಡಿ ಆಡಿ ಸಾಕಾಗೋಗಿದೆ ನಂಗೆ. ಲೆವೆಲ್ ಏರಿಸಿದ್ರೆ ಕಂಪ್ಯೂಟರ್ ಇನ್ನೂ ತಲೆ ಓಡಿಸಿ ಆಡ್ಬೇಕು ತಾನೆ, ಅದು ಬಿಟ್ಟು ನಮಗೆ ಒಂದು ಸೆಟ್ಲರ್ (ಹೊಸ ಊರು ಕಟ್ಟೋ ಯೂನಿಟ್) ಒಂದು ವಾರಿಯರ್ ಕೊಟ್ಟು ಅದಕ್ಕೆ ಮಾತ್ರ ಶುರುವಿನಲ್ಲೇ 3 ಸೆಟ್ಲರ್ 5 ವಾರಿಯರ್, ಮೇಲಿಂದ ಯುದ್ಧದಲ್ಲಿ ಪ್ರತಿ ಯೂನಿಟ್‌ಗೂ 4 ಪಾಯಿಂಟ್ ಜಾಸ್ತಿ ಬಲ, ನಾನಿನ್ನೂ ಎರಡನೇ ಊರಿಗೆ ಜಾಗ ಹುಡುಕ್ತಿರ್ತೀನಿ ಅಷ್ಟರಲ್ಲಿ ಪಕ್ಕದವನು ನದಿ ದಂಡೆಯೆಲ್ಲ ಹಿಡ್ಕೊಂಡು ಕೂತಿರ್ತಾನೆ.

ನಿನ್ನೆ ಸ್ಟೋನ್‌ಹೆಂಜ್ (ಇಡೀ ಆಟದಲ್ಲಿ ಒಬ್ಬರು ಮಾತ್ರ ಕಟ್ಟಬಹುದಾದ ಅದ್ಭುತ) ಮುಗಿಯೋಕೆ ಇನ್ನೊಂದೇ ಟರ್ನ್ ಬಾಕಿ ಇತ್ತು, ನೆಕ್ಸ್ಟ್ ಟರ್ನ್ ಒತ್ತಿದ್ರೆ ಬೇರೆ ಯಾರೋ ಕಟ್ಟಿ ಮುಗಿಸಿಬಿಟ್ರು ಅಂತ ಬಂತು. ಹೊಟ್ಟೆ ಉರಿದುಹೋಯ್ತು.

ಇಷ್ಟೆಲ್ಲ ಕೊಟ್ರೂ ಕಂಪ್ಯೂಟರ್‌ಗೆ ಯುದ್ಧ ಮಾಡೋಕೆ ಬರಲ್ಲ ಅನ್ನೋದೇ ನನ್ನ ಸಂಕಟ. ಗೋಡೆ ಕಟ್ಟಿದ ಒಂದೇ ಊರಿನ ಮುಂದೆ ಅವನ ಬಿಲ್ಲುಗಾರರು ಹಿಂದೆ ಮುಂದೆ ಓಡಾಡ್ತಾ ಒಬ್ಬೊಬ್ಬರಾಗಿ ಸಾಯ್ತಾರೆ. ಮೊದಲ 100 ಟರ್ನ್ ಹೇಗೋ ಜೀವ ಉಳಿಸ್ಕೊಂಡ್ರೆ ಆಮೇಲೆ ಗೆಲ್ಲೋದು ನಾನೇ ಅಂತ ಗೊತ್ತಾಗೋಗತ್ತೆ, ಆದ್ರೂ ಗಂಟೆಗಟ್ಟಲೆ ಸುಮ್ನೆ ನೆಕ್ಸ್ಟ್ ಟರ್ನ್ ಒತ್ತುತ್ತಾ ಕೂರ್ಬೇಕು. ನಂಗೆ ಬೇಕಿರೋದು ಬುದ್ಧಿವಂತ ಎದುರಾಳಿ ಕಣ್ರೀ, ಶ್ರೀಮಂತ ಎದುರಾಳಿ ಅಲ್ಲ.