ದೊಡ್ಡಪ್ಪ "ಬೇಡ" ಅಂದಿದ್ದು ನನಗೆ ಕೇಳಿಸಿರಲೇ ಇಲ್ಲ

ಮೂರು ವರ್ಷದ ಹಿಂದೆ ಊರಾಚೆ ಒಂದು ಥರ್ಟಿ ಫಾರ್ಟಿ ಸೈಟು ನೋಡಿದ್ದೆ. ನೋಡಿದ ದಿನವೇ ಮನಸ್ಸು ಅಲ್ಲಿ ಪಾಯ ಹಾಕಿಬಿಟ್ಟಿತ್ತು. ಆದರೂ ನಾಲ್ಕು ಜನರನ್ನು ಕೇಳಬೇಕಲ್ಲ, ಕೇಳಿದೆ. ಆಫೀಸಿನ ಗೆಳೆಯ ಮೊಬೈಲಿನಿಂದ ತಲೆ ಎತ್ತದೆ "ತಗೋ ಮಗಾ, ಏನೂ ಆಗಲ್ಲ" ಅಂದ. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಜೆರಾಕ್ಸ್ ಪ್ರತಿಗಳನ್ನು ಒಂದೊಂದಾಗಿ ತಿರುವಿದರು. "ರೆವಿನ್ಯೂ ಸೈಟು ಕಣೋ ಇದು. ಕನ್ವರ್ಷನ್ನೇ ಆಗಿಲ್ಲ. ಬೇಡ." ಹೊರಡುವಾಗ ಗೇಟಿನ ಹತ್ತಿರ ನಿಂತು ಇನ್ನೊಂದು ಸಲ ಹೇಳಿದರು.

ನಾನು ಗೆಳೆಯನ ಮಾತು ಕೇಳಿದೆ. ದೊಡ್ಡಪ್ಪ 35 ವರ್ಷ ಜಮೀನು ಅಳೆದವರು. ಗೆಳೆಯ ಇರೋದು ಬಾಡಿಗೆ ಮನೆಯಲ್ಲಿ.

ಯಾಕೆ ಹೀಗೆ ಮಾಡಿದೆ ಅಂತ ಬಹಳ ದಿನ ತಲೆ ಕೊರೆಯುತ್ತಿತ್ತು. ಈಚೆಗೆ ಒಂದು ಪ್ರಯೋಗದ ಬಗ್ಗೆ ಓದಿದೆ. 2020ರಲ್ಲಿ 'ನೇಚರ್ ನ್ಯೂರೋಸೈನ್ಸ್' ಪತ್ರಿಕೆಯಲ್ಲಿ ಬಂದಿದ್ದು, ಲಂಡನ್ನಿನ ಮೆದುಳು ವಿಜ್ಞಾನಿ ಟಾಲಿ ಶಾರಟ್ ಮತ್ತು ಜೊತೆಗಾರರು ಮಾಡಿದ್ದು. ತಮಾಷೆ ಅಂದರೆ ಅದೂ ಮನೆ ವ್ಯವಹಾರವೇ! 42 ಜನರನ್ನು ಜೋಡಿ ಮಾಡಿ, ಮನೆಗಳನ್ನು ತೋರಿಸಿ, ಬೆಲೆ ಇಷ್ಟಕ್ಕಿಂತ ಜಾಸ್ತಿಯೋ ಕಮ್ಮಿಯೋ ಹೇಳಿ, ಅದರ ಮೇಲೆ ದುಡ್ಡು ಕಟ್ಟಿ ಅಂದರು. ಆಮೇಲೆ ಜೊತೆಯವನು ಏನಂದ, ಎಷ್ಟು ಕಟ್ಟಿದ ಅಂತ ತೋರಿಸಿದರು. ಬೇಕಿದ್ದರೆ ಪಂತ ಬದಲಿಸಬಹುದು. ಜೊತೆಯವನು ಒಪ್ಪಿದ್ದಾಗ, ಅವನು ಜಾಸ್ತಿ ಕಟ್ಟಿದಷ್ಟೂ ಇವರೂ ಏರಿಸಿದರು. ಒಪ್ಪದಿದ್ದಾಗ? ಅವನು ಚಿಲ್ಲರೆ ಕಟ್ಟಿರಲಿ, ಮುಷ್ಟಿ ತುಂಬ ಕಟ್ಟಿರಲಿ, ಇವರಿಗೆ ಹೆಚ್ಚೇನೂ ವ್ಯತ್ಯಾಸವಿಲ್ಲ. ಅವರ ಮೆದುಳು ನೋಡುತ್ತಿದ್ದ ಸ್ಕ್ಯಾನರಿನಲ್ಲೂ ಅದೇ ಕಂಡಿತು. ಮೆದುಳಿನ ಮುಂಭಾಗದಲ್ಲಿ, ಎರಡು ಹೋಳುಗಳ ನಡುವೆ ಒಂದು ಜಾಗವಿದೆ. ಎದುರಿನವರ ಮಾತಿನಲ್ಲಿ ಎಷ್ಟು ಬಲವಿದೆ ಅಂತ ತೂಗುವಾಗ ಅದಕ್ಕೂ ಕೆಲಸ. ಮಾತು ನಮ್ಮದಕ್ಕೆ ವಿರುದ್ಧವಾಗಿದ್ದರೆ ಅದು ಆ ಬಲಕ್ಕೆ ಅಷ್ಟಾಗಿ ಕದಲುವುದೇ ಇಲ್ಲ.

ಅಂದರೆ ದೊಡ್ಡಪ್ಪ ಮೆತ್ತಗೆ "ಬೇಡ" ಅಂದಿದ್ದರೂ ಒಂದೇ, ಗೇಟಿಗೆ ಅಡ್ಡ ನಿಂತಿದ್ದರೂ ಒಂದೇ!

ನನ್ನ ಪ್ರಕಾರ ನಾವು ಬಹಳ ಸಲ ಸಲಹೆ ಕೇಳೋದೇ ಇಲ್ಲ. ಸುಮ್ನೆ "ಹೂಂ" ಅನ್ನೋರನ್ನು ಹುಡುಕುತ್ತಿರುತ್ತೀವಿ. ಜಾತಕ ಕೂಡಿಬರೋ ತನಕ ಜೋಯಿಸರನ್ನು ಬದಲಿಸಿದ ಹಾಗೆ. ಹಾಗಂತ ಹಿರಿಯರು ಬೇಡ ಅಂದದ್ದೆಲ್ಲ ಸರಿ ಅಂತಲೂ ಅಲ್ಲ. ಇದೇ ದೊಡ್ಡಪ್ಪ ನನ್ನ ಮದುವೆಗೂ ಬೇಡ ಅಂದಿದ್ದರು. (ಹೆಂಡತಿ ಇದನ್ನು ಓದುತ್ತಾಳೆ, ಗೊತ್ತು.)

ಸೈಟು ಹಾಗೇ ಬಿದ್ದಿದೆ. ಮನೆ ಕಟ್ಟೋಕೆ ಬ್ಯಾಂಕಿನವರು ಸಾಲ ಕೊಡಲ್ಲ. ಹೋದ ವಾರ ಕಳೆ ಕೀಳಿಸೋಕೆ ಹೋದಾಗ ದೊಡ್ಡಪ್ಪನೂ ಬಂದಿದ್ದರು. ಮೂಲೆಗಲ್ಲಿನ ಮೇಲೆ ಕಾಲಿಟ್ಟು ಸುತ್ತ ನೋಡಿ, "ಗಾಳಿ ಚೆನ್ನಾಗಿದೆ ಕಣೋ" ಅಂದರು.