ಅಕ್ಕ ಆಗೋ ಮುಂಚೆ ಕ್ಯಾಲೆಂಡರ್ ನೋಡಿ

ಕಷ್ಟದಲ್ಲಿರೋ ಹೆಣ್ಣುಮಕ್ಕಳಿಗೆ ಮೆಂಟರ್, ಅಂದರೆ ಜೊತೆಗಿದ್ದು ದಾರಿ ತೋರೋ ಅಕ್ಕ, ಆಗ್ತೀನಿ ಅಂತ ಮುಂದೆ ಬರೋರಿಗೆ ಕೇಳಬೇಕಾದ ಮೊದಲ ಪ್ರಶ್ನೆ ‘ನಿಮಗೆ ಎಷ್ಟು ಕಳಕಳಿ ಇದೆ?’ ಅಲ್ಲ. ‘ಇನ್ನು 12 ತಿಂಗಳು, ವಾರ ವಾರ, ಅದೇ ದಿನ ಅದೇ ಹೊತ್ತಿಗೆ ಬರ್ತೀರಾ?’ ಅನ್ನೋದು. ಆಗಲ್ಲ ಅನ್ನೋರಿಗೆ ಬೇರೆ ಕೆಲಸ ಬೇಕಾದಷ್ಟಿದೆ. ಲೆಕ್ಕ ಬರೀಬಹುದು, ಜಾಗ ಹುಡುಕಿಕೊಡಬಹುದು, ಓಡಾಟದ ಖರ್ಚು ಹೊರಬಹುದು. ಹುಡುಗಿಯ ಪಕ್ಕ ಕೂರೋ ಕೆಲಸ ಮಾತ್ರ ಬೇಡ.

ಬರೋರನ್ನೇ ಹೀಗೆ ಬೆದರಿಸಿದರೆ ಹೇಗೆ ಅನ್ನಬೇಡಿ. ಒಂದು ಮಗುವಿಗೆ ಒಬ್ಬ ದೊಡ್ಡವರನ್ನ ಮೆಂಟರ್ ಆಗಿ ಜೋಡಿ ಮಾಡೋ ಅಮೆರಿಕದ ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಸಂಸ್ಥೆಗೆ ಬಂದ ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿ ಇಟ್ಕೊಂಡು ಗ್ರಾಸ್‌ಮನ್ ಮತ್ತು ರೋಡ್ಸ್ ಅನ್ನೋ ಇಬ್ಬರು ಸಂಶೋಧಕಿಯರು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ವರ್ಷ ದಾಟಿದ ಜೋಡಿಗಳಲ್ಲಿ ಮಕ್ಕಳಿಗೆ ಹೆಚ್ಚು ಒಳ್ಳೇದಾಗಿತ್ತು. 3 ತಿಂಗಳೊಳಗೆ ಮುರಿದುಹೋದ ಜೋಡಿಗಳಲ್ಲಿ ಮಕ್ಕಳಿಗೆ ತಮ್ಮ ಮೇಲೆ ತಮಗಿದ್ದ ಬೆಲೆಯೇ ಕುಸಿದಿತ್ತು. ದೊಡ್ಡವರು ಬಿಟ್ಟುಹೋಗ್ತಾರೆ ಅಂತ ಆಗಲೇ ಕಲಿತಿರೋ ಹುಡುಗಿಗೆ ಅದೇ ಪಾಠವನ್ನ ನಾವೂ ಒಪ್ಪಿಸಿ ಬಂದಂಗೆ ಅದು.

ಇನ್ನು ಯಾರನ್ನ ಸೇರಿಸ್ಕೊಳ್ಳೋದು ಅನ್ನೋ ವಿಷಯ. ಒಂದು ನೋಟಿಸ್ ಅಂಟಿಸಿ ಕಾಯ್ತಾ ಕೂತರೆ ಬರೋರು ಶಾಲೆಗೆ ಹೋಗೋ, ಮನೆಯಲ್ಲಿ ಹೊರಗೆ ಕಳಿಸೋ, ಮಾತಿಗೆ ಹಿಂಜರಿಯದ ಹುಡುಗಿಯರು. ಬರಬೇಕಾದವಳು ಆ ಹೊತ್ತಲ್ಲಿ ಯಾರದೋ ಮನೆ ಪಾತ್ರೆ ತೊಳೀತಿರ್ತಾಳೆ, ಇಲ್ಲಾ ತಮ್ಮನ್ನ ಸೊಂಟದ ಮೇಲಿಟ್ಕೊಂಡು ಬಾಗಿಲಲ್ಲಿ ನಿಂತಿರ್ತಾಳೆ. ಅದಕ್ಕೇ ಪಾಪ್ಯುಲೇಶನ್ ಕೌನ್ಸಿಲ್ ಅನ್ನೋ ಸಂಶೋಧನಾ ಸಂಸ್ಥೆ ‘ಗರ್ಲ್ ರೋಸ್ಟರ್’ ಅಂತ ಒಂದು ವಿಧಾನ ಮಾಡಿದೆ. ಮನೆಮನೆಗೂ ಹೋಗಿ ಪ್ರತಿ ಹುಡುಗಿಯ ವಯಸ್ಸು ಎಷ್ಟು, ಓದ್ತಿದ್ದಾಳಾ, ಮದುವೆ ಆಗಿದೆಯಾ, ಮಗು ಇದೆಯಾ, ಅಪ್ಪ ಅಮ್ಮ ಜೊತೆಗಿದ್ದಾರಾ ಅಂತ ಬರೆದುಕೊಳ್ಳೋದು. ಪಟ್ಟಿ ಕೈಗೆ ಬಂದ ಮೇಲೆ ಗುಂಪು ಮಾಡಿ. 10ರಿಂದ 14 ವರ್ಷದವರು ಬೇರೆ, 15ರಿಂದ 19ರವರು ಬೇರೆ. ಎಲ್ಲರನ್ನೂ ಒಂದೇ ಚಾಪೆ ಮೇಲೆ ಕೂರಿಸಿದರೆ ಚಿಕ್ಕವಳು ಬಾಯಿ ಬಿಡಲ್ಲ, ದೊಡ್ಡವಳಿಗೆ ಬೇಕಾದ ವಿಷಯ ಎತ್ತೋಕಾಗಲ್ಲ. ಮದುವೆಯಾದವರಿಗೆ, ಮಗು ಇರೋರಿಗೆ ಸಮಯವೇ ಬೇರೆ ಇರಬೇಕು, ಅಷ್ಟು ಹೊತ್ತು ಮಗು ನೋಡ್ಕೊಳ್ಳೋಕೆ ಒಬ್ಬರಿರಬೇಕು. ಗುಂಪಿಗೆ 20 ಜನ ಸಾಕು. ಅಕ್ಕಂದಿರು ಮಾತ್ರ ಇಬ್ಬರು. ಒಬ್ಬಳಿಗೆ ಜ್ವರ ಬಂದರೂ ಬಾಗಿಲು ತೆಗೆಯೋರು ಇರಬೇಕಲ್ಲ.

ಹಾಗಂತ ‘ಅಪಾಯದಲ್ಲಿರೋ’ ಹುಡುಗಿಯರನ್ನೇ ಆರಿಸಿ ಒಂದು ಕಡೆ ಸೇರಿಸೋದೂ ತಪ್ಪು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಕೇಂಬ್ರಿಡ್ಜ್-ಸಾಮರ್‌ವಿಲ್ ಅನ್ನೋ ದೊಡ್ಡ ಪ್ರಯೋಗ ಶುರುವಾಯ್ತು. ಗಂಡುಹುಡುಗರ ಮೇಲೆ ನಡೆದದ್ದು, ಆದರೂ ಎಲ್ಲರೂ ತಿಳಿದಿರಬೇಕಾದ್ದು. ಸಲಹೆಗಾರರು ವರ್ಷಗಟ್ಟಲೆ ಮನೆಗೆ ಹೋಗಿ ಬಂದರು, ಪಾಠ, ವೈದ್ಯರು, ಬೇಸಿಗೆ ಶಿಬಿರ ಎಲ್ಲ ಒದಗಿಸಿದರು. 30 ವರ್ಷ ಆದ ಮೇಲೆ ಜೋನ್ ಮೆಕಾರ್ಡ್ ಅನ್ನೋ ಸಂಶೋಧಕಿ ಆ ಹುಡುಗರನ್ನೆಲ್ಲ ಹುಡುಕಿಸಿ, 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಹಾಯ ಸಿಕ್ಕವರ ಸ್ಥಿತಿ ಸಿಗದವರಿಗಿಂತ ಹಲವು ವಿಷಯಗಳಲ್ಲಿ ಕೆಟ್ಟದಾಗಿತ್ತು. ಮುಂದಿನ ವಿಶ್ಲೇಷಣೆಯಲ್ಲಿ ಕಂಡದ್ದು, ಮತ್ತೆ ಮತ್ತೆ ಬೇಸಿಗೆ ಶಿಬಿರಕ್ಕೆ ಹೋದವರಲ್ಲೇ ಹಾನಿ ಹೆಚ್ಚು ಅಂತ. ಕಷ್ಟದಲ್ಲಿರೋರನ್ನಷ್ಟೇ ಒಟ್ಟಿಗೆ ಕೂಡಿಹಾಕಿದರೆ ಅವರು ಕಲಿಯೋದು ಒಬ್ಬರಿಂದ ಒಬ್ಬರು, ನಮ್ಮಿಂದಲ್ಲ. ಬೀದಿಯ ಎಲ್ಲಾ ಹುಡುಗಿಯರನ್ನೂ ಕರೀರಿ. ಪಟ್ಟಿಯಲ್ಲಿ ಗುರುತು ಹಾಕಿಕೊಂಡವರು ಬಂದರಾ ಅಂತ ನೀವು ನೋಡ್ಕೊಳ್ಳಿ, ಆ ಗುರುತು ನಿಮ್ಮ ಹತ್ತಿರವೇ ಇರಲಿ. (ಬ್ಯಾನರ್ ಮೇಲೆ ‘ಶೋಷಿತ ಬಾಲಕಿಯರಿಗಾಗಿ’ ಅಂತ ಬರೆಸಿ ಅದರ ಕೆಳಗೇ ಮಕ್ಕಳನ್ನ ನಿಲ್ಲಿಸಿ ಫೋಟೋ ತೆಗೆಯೋರಿಗೆ ಏನು ಹೇಳೋದು ಅಂತ ನನಗೆ ತಿಳಿಯಲ್ಲ.)

ಜಾಗದ ವಿಷಯ ಚಿಕ್ಕದಾಗಿ ಹೇಳ್ತೀನಿ. ನಡೆದು 15 ನಿಮಿಷದೊಳಗೆ ಸಿಗಬೇಕು, ಚಿಲಕ ಇರೋ ಶೌಚಾಲಯ ಬೇಕು. ಮುಗಿಯೋ ಹೊತ್ತಿಗೆ ಆ ದಾರಿಯಲ್ಲಿ ಒಮ್ಮೆ ನೀವೇ ಒಬ್ಬರೇ ನಡೆದು ನೋಡಿ. ಮಧ್ಯಾಹ್ನ 3ಕ್ಕೆ ಸರಿ ಇದ್ದ ರಸ್ತೆ ಸಂಜೆ 6ಕ್ಕೆ ಹಾಗೇ ಇರಲ್ಲ.

ಈಗ ಅಸಲಿ ವಿಷಯಕ್ಕೆ ಬರೋಣ. ಎಷ್ಟೇ ತರಬೇತಿ ಕೊಟ್ಟರೂ ಎಲ್ಲರೂ ಎಡವೋ ಜಾಗ ಇದು. ಕೂಟ ಮುಗಿದಿದೆ, ಎಲ್ಲರೂ ಚಪ್ಪಲಿ ಹಾಕ್ಕೊಳ್ತಿದ್ದಾರೆ. ಒಬ್ಬಳು ಮಾತ್ರ ಚಾಪೆ ಸುತ್ತೋ ನೆಪದಲ್ಲಿ ಹಿಂದೆ ಉಳೀತಾಳೆ. ಸುತ್ತಿದ ಚಾಪೆಯನ್ನ ಬಿಚ್ಚಿ ಮತ್ತೆ ಸುತ್ತುತಾಳೆ. ಆಮೇಲೆ, ‘ಅಕ್ಕಾ, ಒಂದು ಹೇಳ್ತೀನಿ, ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ.’

ಆ ಕ್ಷಣ ನಾಲಿಗೆ ತುದಿಗೆ ಬರೋದು ‘ಆಯ್ತಮ್ಮ, ಆಣೆ’ ಅಂತಲೇ. ಹೇಳಬೇಡಿ. ಹೇಳಬೇಕಾದ್ದು ಇದು: ‘ಮಾತು ಕೊಡೋಕಾಗಲ್ಲ ಪುಟ್ಟಾ. ನಿನಗೆ ತೊಂದರೆ ಆಗೋ ಅಂಥದ್ದಾದರೆ ನಾನು ಒಬ್ಬರಿಗೆ ಹೇಳಲೇಬೇಕು. ಆದರೆ ಯಾರಿಗೆ, ಏನು ಹೇಳ್ತೀನಿ ಅಂತ ಮೊದಲು ನಿನಗೇ ಹೇಳ್ತೀನಿ.’ ಹೀಗಂದರೆ ಆಕೆ ಹೇಳದೇ ಹೋಗಬಹುದು. ಹೋಗಲಿ. ಮುಂದಿನ ವಾರವೂ ಅದೇ ಹೊತ್ತಿಗೆ ನೀವು ಇರ್ತೀರಲ್ಲ, 12 ತಿಂಗಳು ಅಂದದ್ದು ಇದಕ್ಕೇ. ಆಣೆ ಇಟ್ಟು ಕೇಳಿ ಆಮೇಲೆ ಮುರಿದರೆ ಆಕೆ ಇನ್ನು ಯಾರಿಗೂ ಹೇಳಲ್ಲ.

ಹೇಳಿದರೆ, ‘ಯಾಕೆ’ ಅಂತ ಶುರುವಾಗೋ ಪ್ರಶ್ನೆ ಒಂದೂ ಬೇಡ. ‘ಯಾಕೆ ಅಲ್ಲಿಗೆ ಹೋದೆ’, ‘ಯಾಕೆ ಆಗಲೇ ಹೇಳಲಿಲ್ಲ’ ಅಂದರೆ ಆಕೆ ಕಿವಿಗೆ ಅದು ‘ತಪ್ಪು ನಿನ್ನದೇ’ ಅಂತ ಬೀಳುತ್ತೆ. ‘ಹೇಳಿದ್ದು ಒಳ್ಳೇದಾಯ್ತು, ಇದು ನಿನ್ನ ತಪ್ಪಲ್ಲ’ ಅನ್ನಿ. ಕೇಳಲೇಬೇಕಾದ ಪ್ರಶ್ನೆ ಒಂದೇ: ‘ಇವತ್ತು ರಾತ್ರಿ ಮನೆಗೆ ಹೋಗೋಕೆ ಭಯ ಇದೆಯಾ?’ ವಿವರ ಕೆದಕೋದು ನಿಮ್ಮ ಕೆಲಸ ಅಲ್ಲ. ಅದಕ್ಕೆ ತರಬೇತಿ ಪಡೆದವರು ಒಮ್ಮೆ ಕೇಳಲಿ, ಮೂರು ಜನರ ಮುಂದೆ ಆಕೆ ಮೂರು ಸಲ ಹೇಳೋ ಹಾಗಾಗಬಾರದು. ಆಕೆ ಹೊರಟ ಕೂಡಲೇ ಆಕೆಯ ಮಾತಲ್ಲೇ ಬರೆದಿಡಿ, ದಿನಾಂಕ ಮತ್ತು ಸಮಯ ಹಾಕಿ. ‘ಮಾಮ ಪಕ್ಕದಲ್ಲಿ ಬಂದು ಮಲಗ್ತಾನೆ’ ಅಂದಿದ್ದರೆ ಅಷ್ಟೇ ಬರೀರಿ, ಅದಕ್ಕೆ ದೊಡ್ಡ ಹೆಸರು ನೀವು ಇಡಬೇಡಿ. ಅದೇ ದಿನ ನಿಮ್ಮ ಸಂಸ್ಥೆಯಲ್ಲಿ ಮಕ್ಕಳ ರಕ್ಷಣೆಯ ಜವಾಬ್ದಾರಿ ಹೊತ್ತವರಿಗೆ ತಿಳಿಸಿ. ಎಷ್ಟೋ ದೇಶಗಳಲ್ಲಿ ಮಕ್ಕಳ ಮೇಲಿನ ದೌರ್ಜನ್ಯವನ್ನ ವರದಿ ಮಾಡದಿರೋದೇ ಅಪರಾಧ. ನಿಮ್ಮಲ್ಲಿ ಕಾನೂನು ಏನು ಅಂತ ಮೊದಲ ಕೂಟಕ್ಕೂ ಮುಂಚೆ ಓದ್ಕೊಳ್ಳಿ. ಮತ್ತೆ, ಆ ಮನೆಗೆ ಹೋಗಿ ಆ ಮನುಷ್ಯನ ಕೊರಳಪಟ್ಟಿ ಹಿಡಿಯೋ ಆಸೆ ಬರುತ್ತೆ. ನೀವು ಹೊರಟ ಮೇಲೆ ಅವನ ಜೊತೆ ಉಳಿಯೋಳು ಅವಳು.

ತಿಳಿಸಬೇಕಾದವರ ಪಟ್ಟಿ ಗೋಡೆ ಮೇಲೆ ಅಂಟಿಸಿದ್ದೀವಿ ಅಂತಾರೆ. ಆ ನಂಬರಿಗೆ ಯಾರಾದರೂ ಫೋನ್ ಮಾಡಿ ನೋಡಿದ್ದಾರಾ? ರಾತ್ರಿ 9ಕ್ಕೆ ಎತ್ತುತಾರಾ? ವೈದ್ಯರು, ಕಾನೂನು, ಇಳಿದುಕೊಳ್ಳೋ ಜಾಗ, ಆಪ್ತಸಮಾಲೋಚನೆ, ನಾಲ್ಕಕ್ಕೂ ನಂಬರ್ ಜೊತೆ ಒಬ್ಬ ವ್ಯಕ್ತಿಯ ಹೆಸರು ಇರಬೇಕು. 3 ತಿಂಗಳಿಗೊಮ್ಮೆ ಪಟ್ಟಿಯನ್ನ ಹೊಸದಾಗಿ ಬರೀಬೇಕು.

ಫೋನಿನ ಮಾತು ಬಂತು. ಹುಡುಗಿಯ ಕೈಲಿರೋ ಫೋನ್ ಆಕೆಯದೇ ಅಂತ ತಿಳ್ಕೋಬೇಡಿ. ‘ನಿನ್ನೆ ಹೇಳಿದ್ದರ ಬಗ್ಗೆ ಮಾತಾಡೋಣ’ ಅನ್ನೋ ಒಂದು ಮೆಸೇಜನ್ನ ಅಣ್ಣ ಓದಿದರೆ ಮುಗೀತು. ಮೆಸೇಜಲ್ಲಿ ಕೂಟದ ಸಮಯ ಬಿಟ್ಟು ಬೇರೇನೂ ಇರಬಾರದು.

ಬಾರದೇ ಹೋದವಳ ವಿಷಯಕ್ಕೆ ನಾನು ತುಂಬಾ ಬೆಲೆ ಕೊಡ್ತೀನಿ. ಒಂದು ವಾರ ತಪ್ಪಿದರೆ ಮಾರನೇ ದಿನವೇ ವಿಚಾರಿಸಬೇಕು, ಎರಡನೇ ವಾರವೂ ತಪ್ಪಿದರೆ ಮನೆಗೆ ಹೋಗಬೇಕು. ಮದುವೆ ಮಾತು, ಬಸಿರು, ಕೆಲಸಕ್ಕೆ ಕಳಿಸಿದ್ದು, ಅಮ್ಮ ಹಾಸಿಗೆ ಹಿಡಿದದ್ದು, ಎಲ್ಲದರ ಮೊದಲ ಸುಳಿವು ಹಾಜರಿ ಪುಸ್ತಕದ ಖಾಲಿ ಚೌಕ. ವರ್ಷದ ಕೊನೆಗೆ ‘ಇಷ್ಟು ಹುಡುಗಿಯರನ್ನ ತಲುಪಿದೆವು’ ಅನ್ನೋ ವರದಿಗಳಲ್ಲಿ ಆ ಚೌಕ ಕಾಣಲ್ಲ. ಎಷ್ಟು ಜನ ಸೇರಿದರು ಅನ್ನೋದಕ್ಕಿಂತ 10ನೇ ತಿಂಗಳಲ್ಲಿ ಎಷ್ಟು ಜನ ಇದ್ದರು ಅಂತ ಕೇಳಿ.

ಇದಕ್ಕೆಲ್ಲ ದುಡ್ಡು ಬೇಕಾ? ಬೇಕು. ಬಾಂಗ್ಲಾದೇಶ ಮೂಲದ ಬ್ರ್ಯಾಕ್ ಅನ್ನೋ ಸೇವಾಸಂಸ್ಥೆ ಉಗಾಂಡಾದಲ್ಲಿ ಹುಡುಗಿಯರಿಗಾಗಿ ಕ್ಲಬ್‌ಗಳನ್ನ ನಡೆಸಿತು. ಅದೇ ಊರಿನ, ಸ್ವಲ್ಪ ದೊಡ್ಡ ವಯಸ್ಸಿನ ಅಕ್ಕಂದಿರು, ಜೀವನಕೌಶಲ, ಕೈಕೆಲಸ, ಆಟ. 4 ವರ್ಷ ಆದ ಮೇಲೂ ಆ ಊರುಗಳಲ್ಲಿ ಹದಿಹರೆಯದ ಬಸಿರು ಕಡಿಮೆ, ಸ್ವಂತ ದುಡಿಮೆ ಹೆಚ್ಚು. ಅದೇ ಕ್ಲಬ್ ಟಾಂಜಾನಿಯಾದಲ್ಲಿ ನಡೆದಾಗ ಕೂಡೋಕೆ ಸರಿಯಾದ ಜಾಗ ಇರಲಿಲ್ಲ, ಸಾಮಗ್ರಿಗೆ ಹಣ ಸಾಲಲಿಲ್ಲ. ಹೇಳಿಕೊಳ್ಳೋ ಬದಲಾವಣೆ ಕಾಣಲಿಲ್ಲ. ಎರಡು ದೇಶಗಳ ಪರಿಸ್ಥಿತಿ ಬೇರೆ ಅಂತ ಹೇಳಬಹುದು, ಆದರೂ ನನ್ನ ಅನುಮಾನ ಬಾಡಿಗೆ ಕೊಡದ ಕೋಣೆಯ ಮೇಲೇ. ಅಕ್ಕಂದಿರಿಗೆ ಗೌರವಧನ ಕೊಡಿ, 8-10 ಅಕ್ಕಂದಿರಿಗೆ ಒಬ್ಬ ಅನುಭವಿ ಮೇಲ್ವಿಚಾರಕಿ ಇರಲಿ, ತಿಂಗಳಿಗೊಮ್ಮೆ ಎಲ್ಲರೂ ಕೂತು ಮನಸ್ಸಿನ ಭಾರ ಇಳಿಸ್ಕೊಳ್ಳಲಿ. ಹುಡುಗಿ ಇನ್ನೂ ಬಾಯೇ ಬಿಟ್ಟಿಲ್ಲ ಅಂತ ಅಕ್ಕ ಬೇಸತ್ತು ಬಿಡೋದು ಸಾಮಾನ್ಯವಾಗಿ ಆ ಮೊದಲ 3 ತಿಂಗಳ ಆಸುಪಾಸಿನಲ್ಲೇ. ಆಗ ಅವಳನ್ನ ಹಿಡಿದು ನಿಲ್ಲಿಸೋಕೆ ಒಬ್ಬರು ಬೇಕು.

ಇನ್ನು ಬಿಡೋದು. ಮೆಂಟರ್‌ಗಳೂ ಮನುಷ್ಯರೇ, ಊರು ಬದಲಾಗುತ್ತೆ, ಮಗು ಆಗುತ್ತೆ. ಹೋಗೋದು ತಪ್ಪಲ್ಲ, ಹೇಳದೆ ಹೋಗೋದು ತಪ್ಪು. ಕೊನೇ ದಿನ ಯಾವುದು ಅಂತ 2 ತಿಂಗಳು ಮುಂಚೆ ಹುಡುಗಿಗೆ ಹೇಳಿ, ಕಾರಣ ಹೇಳಿ, ಅದು ಅವಳಲ್ಲ ಅಂತಲೂ ಹೇಳಿ. ಬರೋ ಹೊಸ ಅಕ್ಕನ ಜೊತೆ ಕನಿಷ್ಠ 3 ವಾರ ಒಟ್ಟಿಗೆ ಕೂತ್ಕೊಳ್ಳಿ. ಹುಡುಗಿ ಹೇಳಿಕೊಂಡದ್ದರಲ್ಲಿ ಯಾವುದನ್ನ ಹೊಸಬರಿಗೆ ತಿಳಿಸಬಹುದು, ಯಾವುದನ್ನ ಬೇಡ ಅಂತ ಅವಳನ್ನೇ ಕೇಳಿ ಬರ್ಕೊಳ್ಳಿ. ಕೊನೇ ದಿನ ಅವಳು ಬರದೇ ಇರಬಹುದು, ಸಿಟ್ಟಿಗೆ. ಅವತ್ತೂ ನೀವು ಮುಗಿಯೋವರೆಗೆ ಕೂತಿರಿ.